ಹಳೆಯ ಉಕ್ಕಿನ ಮಹಡಿಗಳ ಹೊರೆ ಸಾಮರ್ಥ್ಯ

ಈಗಾಗಲೇ ಬಳಕೆಯಲ್ಲಿರುವ ಕಟ್ಟಡವೊಂದರ ಉಕ್ಕಿನ ತೊಲೆಗಳು, ಅವುಗಳ ಜೋಡಣೆಗಳು, ಅವನ್ನು ಹೊತ್ತ ಕಂಬ ಗೋಡೆಗಳು ಸೇರಿ ಇನ್ನೆಷ್ಟು ಭಾರ ತಾಳಬಲ್ಲವು ಎಂಬುದನ್ನು ಅಳತೆ, ಪರೀಕ್ಷೆ, ಲೆಕ್ಕಗಳ ಮೂಲಕ ಕಂಡುಕೊಳ್ಳುವ ಕೆಲಸವೇ ಹೊರೆ ಸಾಮರ್ಥ್ಯದ ಪರಿಶೀಲನೆ. ಹೊಸ ಕಟ್ಟಡಕ್ಕೆ ನಕ್ಷೆ ಹಾಕುವ ಎಂಜಿನಿಯರ್ ಮೊದಲು ಭಾರವನ್ನು ಗೊತ್ತುಮಾಡಿಕೊಂಡು ಅದಕ್ಕೆ ತಕ್ಕ ತೊಲೆಯನ್ನು ಆರಿಸುತ್ತಾನೆ. ಹಳೆಯ ಕಟ್ಟಡದಲ್ಲಿ ತೊಲೆ ಆಗಲೇ ತಲೆಯ ಮೇಲಿದೆ. ಅದು ಯಾವ ಲೋಹ, ಯಾವ ಕಾಲದ್ದು, ಗೋಡೆಯೊಳಗೆ ಹೊಕ್ಕ ತುದಿ ಯಾವ ಸ್ಥಿತಿಯಲ್ಲಿದೆ ಎಂಬುದನ್ನೆಲ್ಲ ಒಂದೊಂದಾಗಿ ಹುಡುಕಿ ತಿಳಿಯಬೇಕು. ಈ ಹುಡುಕಾಟ ಸರಿಯಾಗಿ ನಡೆಯದಿದ್ದರೆ ಎರಡು ಬಗೆಯ ನಷ್ಟವಿದೆ: ದುರ್ಬಲ ಮಹಡಿಯನ್ನು ನಂಬಿ ಜನರ ಪ್ರಾಣಕ್ಕೆ ಕುತ್ತು ತರಬಹುದು, ಇನ್ನೂ ನೂರು ವರ್ಷ ನಿಲ್ಲಬಲ್ಲ ಗಟ್ಟಿ ಕಟ್ಟಡವನ್ನು ಅನುಮಾನದ ಮೇಲೆ ಕೆಡವಿಬಿಡಬಹುದು. ಎರಡನೆಯದು ನಮ್ಮ ಹಳೆಯ ಪೇಟೆಗಳಲ್ಲಿ ದಿನವೂ ನಡೆಯುತ್ತಿದೆ.

ಪ್ರಶ್ನೆ ಏಳುವುದು ಹೆಚ್ಚಾಗಿ ಕಟ್ಟಡದ ಬಳಕೆ ಬದಲಾದಾಗ. ಭಾರತದಲ್ಲಿ ಮಹಡಿಗಳ ಬಳಕೆಯ ಭಾರವನ್ನು, ಅಂದರೆ ಲೈವ್ ಲೋಡನ್ನು, ಐಎಸ್ 875ರ ಎರಡನೆಯ ಭಾಗ (1987) ಗೊತ್ತುಪಡಿಸುತ್ತದೆ. ವಾಸದ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋಗ್ರಾಂ ತೂಕ. ಕಡತಗಳಿಗೆ ಬೇರೆ ಕೋಣೆಯಿರುವ ಕಚೇರಿಗೆ 2.5, ಇಲ್ಲದ ಕಚೇರಿಗೆ 4. ಕುರ್ಚಿಗಳನ್ನು ನೆಲಕ್ಕೆ ಬಿಗಿಯದ ಸಭಾಂಗಣಕ್ಕೆ 5. ಗ್ರಂಥಾಲಯದಲ್ಲಿ ಪುಸ್ತಕದ ಕಪಾಟುಗಳನ್ನು ಸಾಲಾಗಿ ಜೋಡಿಸಿದ ಕೋಣೆಗೆ 2.2 ಮೀಟರ್ ಎತ್ತರದವರೆಗೆ 6, ಅದಕ್ಕೂ ಮೇಲೆ ಪ್ರತಿ ಮೀಟರಿಗೆ ಇನ್ನೂ 2. ಗೋದಾಮಿಗೆ ಕನಿಷ್ಠ 7.5. ಮನೆಯನ್ನು ಕಚೇರಿ ಮಾಡುವುದು, ಕಚೇರಿಯ ಒಂದು ಮೂಲೆಯಲ್ಲಿ ಕಡತಗಳ ಕಂಪ್ಯಾಕ್ಟರ್ ಅಥವಾ ಯುಪಿಎಸ್ ಬ್ಯಾಟರಿಗಳ ಸಾಲು ಇಡುವುದು, ತಾರಸಿಯ ಮೇಲೆ ನೀರಿನ ತೊಟ್ಟಿ ಕಟ್ಟುವುದು ಮಾಲೀಕರಿಗೆ ಸಣ್ಣ ಬದಲಾವಣೆಗಳಾಗಿ ಕಾಣುತ್ತವೆ. ಒಂದು ಮೀಟರ್ ಆಳದ ನೀರು ಚದರ ಮೀಟರಿಗೆ ಸುಮಾರು 10 ಕಿಲೋನ್ಯೂಟನ್ ತೂಗುತ್ತದೆ. ಅದು ಐದು ವಾಸದ ಮಹಡಿಗಳ ಲೈವ್ ಲೋಡಿಗೆ ಸಮ.

ಮಹಡಿಯ ಬಗೆಗಳು

ನಮ್ಮಲ್ಲಿ ಲೋಹದ ತೊಲೆ ಬಳಸಿದ ಹಳೆಯ ಮಹಡಿಗಳು ಹಲವು ಬಗೆಯವು. ಇಟ್ಟಿಗೆಯ ಕಿರು ಕಮಾನುಗಳನ್ನು ಉಕ್ಕಿನ ತೊಲೆಗಳ ಕೆಳ ಫ್ಲಾಂಜ್‌ಗಳ, ಅಂದರೆ ಅಡ್ಡ ಪಟ್ಟಿಗಳ, ನಡುವೆ ಕಟ್ಟಿ, ಮೇಲೆ ಸುಣ್ಣದ ಕಾಂಕ್ರೀಟ್ ತುಂಬಿ ಮಟ್ಟ ಮಾಡಿದ ಜಾಕ್ ಆರ್ಚ್ ರೈಲ್ವೆ ಕಟ್ಟಡಗಳಲ್ಲಿ, ಗಿರಣಿಗಳಲ್ಲಿ, ಸರಕಾರಿ ಕಚೇರಿಗಳಲ್ಲಿ ಸಾಮಾನ್ಯ. ಮದ್ರಾಸ್ ತಾರಸಿಯಲ್ಲಿ ಚಿಕ್ಕ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸುತ್ತಾರೆ. ಅವನ್ನು ಹೊರುವ ಜಂತೆಗಳು ಹೆಚ್ಚಾಗಿ ಸಾಗುವಾನಿಯವು, ಜಂತೆಗಳನ್ನು ಹೊರುವ ದೊಡ್ಡ ತೊಲೆ ಉಕ್ಕಿನದು. ಕಲ್ಲು ಸುಲಭವಾಗಿ ಸಿಗುವ ಕಡೆ ಗರ್ಡರ್‌ಗಳ ಮೇಲೆ ನೇರವಾಗಿ ಕಲ್ಲು ಚಪ್ಪಡಿ ಹಾಸಿದ ಮಹಡಿಗಳಿವೆ. ಹಳೆಯ ರೈಲು ಕಂಬಿಗಳನ್ನೇ ತೊಲೆಯಾಗಿ ಬಳಸಿದ ಮನೆಗಳೂ ಅಂಗಡಿಗಳೂ ಕಡಿಮೆಯಿಲ್ಲ. ಈಚಿನ ಕಟ್ಟಡಗಳಲ್ಲಿ ಮಡಿಕೆಯ ತಗಡಿನ ಡೆಕ್ ಮೇಲೆ ಕಾಂಕ್ರೀಟ್ ಸುರಿದು, ತೊಲೆಗೆ ಬೆಸುಗೆ ಹಾಕಿದ ಸ್ಟಡ್‌ಗಳ ಮೂಲಕ ತೊಲೆಯನ್ನೂ ಚಪ್ಪಡಿಯನ್ನೂ ಒಂದಾಗಿ ಜೋಡಿಸಿದ ಕಾಂಪೋಸಿಟ್ ಮಹಡಿ ಬಂದಿದೆ. ಸ್ಟಡ್ ಇಲ್ಲದ ಹಳೆಯ ಮಹಡಿಯಲ್ಲಿ ಕಾಂಕ್ರೀಟು ತೊಲೆಯೊಂದಿಗೆ ಒಂದಾಗಿ ಕೆಲಸ ಮಾಡುತ್ತದೆಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮಹಡಿ ಲೆಕ್ಕಕ್ಕಿಂತ ಬಿಗಿಯಾಗಿ ವರ್ತಿಸುವುದು ಉಂಟು. ಆದರೆ ಗಾರೆಯ ಹಿಡಿತವೊಂದನ್ನೇ ನಂಬಿ ಹೆಚ್ಚಿನ ಭಾರಕ್ಕೆ ಒಪ್ಪಿಗೆ ಕೊಡಲಾಗದು.

ಲೋಹದ ಗುರುತು

ಕಬ್ಬಿಣದ ಜಾತಿಯನ್ನು ಗುರುತಿಸುವುದು ಮೊದಲ ಹೆಜ್ಜೆ. ಎರಕದ ಕಬ್ಬಿಣ ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು, ಮುರಿಯುವ ಮುನ್ನ ಬಾಗಿ ಎಚ್ಚರಿಕೆಯನ್ನೂ ಕೊಡದು. ಅದಕ್ಕಾಗಿಯೇ ಎರಕದ ತೊಲೆಗಳ ಎಳೆತಕ್ಕೊಳಗಾಗುವ ಕೆಳ ಫ್ಲಾಂಜನ್ನು ಮೇಲಿನದಕ್ಕಿಂತ ಬಹಳ ಅಗಲ ಮಾಡುತ್ತಿದ್ದರು. ತೊಲೆಯ ಕೆಳಗೆ ನಿಂತು ನೋಡಿದರೆ ಈ ಒಂದು ಲಕ್ಷಣವೇ ಗುಟ್ಟು ಬಿಟ್ಟುಕೊಡುತ್ತದೆ. ಕಂಬಗಳ ಮಟ್ಟಿಗೆ ಎರಕ ಒಳ್ಳೆಯ ವಸ್ತು. 1897ರಲ್ಲಿ ಮರದ ಅರಮನೆ ಸುಟ್ಟ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಂತೆ ಕಟ್ಟಿ 1912ರಲ್ಲಿ ಮುಗಿಸಿದ ಮೈಸೂರು ಅರಮನೆಯ ಕಲ್ಯಾಣಮಂಟಪದ ಕಂಬಗಳು ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸಾರಸೆನ್ ಫೌಂಡ್ರಿಯಲ್ಲಿ ಎರಕ ಹೊಯ್ದವು. ಮೆದು ಕಬ್ಬಿಣ, ಅಂದರೆ ರಾಟ್ ಐರನ್, ನಾರಿನಂತೆ ಪದರ ಪದರವಾಗಿರುತ್ತದೆ. ಉದ್ದಕ್ಕೆ ಎಳೆದರೆ ಗಟ್ಟಿ, ಪದರಗಳಿಗೆ ಅಡ್ಡವಾಗಿ ಎಳೆದರೆ ಸೀಳುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಇವೆರಡರ ಜಾಗಕ್ಕೂ ಉಕ್ಕು ಬಂತು.

ಉಕ್ಕಿನ ತೊಲೆಯ ವೆಬ್ ಮೇಲೆ, ಅಂದರೆ ಎರಡು ಫ್ಲಾಂಜ್‌ಗಳ ನಡುವೆ ನಿಂತ ತಗಡಿನ ಮೇಲೆ, ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಇರುವುದುಂಟು. ಬಣ್ಣದ ಪದರಗಳನ್ನು ಕೆರೆದು, ಟಾರ್ಚನ್ನು ಓರೆಯಾಗಿ ಹಿಡಿದರೆ ಅಕ್ಷರಗಳು ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಮಿಡಲ್ಸ್‌ಬರೋದ ಡಾರ್ಮನ್ ಲಾಂಗ್ ಕಂಪನಿಯ ಮುದ್ರೆ ಭಾರತದ ಹಳೆಯ ಕಟ್ಟಡಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. ಜಮ್ಶೆಡ್‌ಪುರದ ಟಾಟಾ ಕಾರ್ಖಾನೆ ಉಕ್ಕು ತಯಾರಿಸತೊಡಗಿದ್ದು 1912ರಲ್ಲಿ. ಅದಕ್ಕೂ ಹಿಂದಿನ ತೊಲೆಗಳು ಬಹುಮಟ್ಟಿಗೆ ಹಡಗಿನಲ್ಲಿ ಬಂದವು. ಮುದ್ರೆ ಸಿಗದಿದ್ದರೆ ಅಳತೆಯೇ ಕಾಲವನ್ನು ಹೇಳುತ್ತದೆ. ಬ್ರಿಟಿಷ್ ಅಳತೆಯ 12 ಇಂಚು ಎತ್ತರ, 5 ಇಂಚು ಅಗಲದ ತೊಲೆ ಟೇಪಿನಲ್ಲಿ 305 ಮತ್ತು 127 ಮಿಲಿಮೀಟರ್ ತೋರಿಸುತ್ತದೆ. ಭಾರತೀಯ ಮಾನಕದ ಐಎಸ್‌ಎಂಬಿ 300 ತೊಲೆಯ ಎತ್ತರ 300, ಅಗಲ 140 ಮಿಲಿಮೀಟರ್. ಈ ಮೆಟ್ರಿಕ್ ತೊಲೆಗಳ ಪಟ್ಟಿಯಾದ ಐಎಸ್ 808 ಮೊದಲು ಪ್ರಕಟವಾದದ್ದು 1957ರಲ್ಲಿ. ಹಾಗಾಗಿ ಎರಡು ಅಳತೆಗಳಿಂದಲೇ ತೊಲೆಯ ಕಾಲವನ್ನು ಅಂದಾಜು ಮಾಡಬಹುದು.

ಕಾಲ ತಿಳಿದರೆ ಆಗಿನ ವಿನ್ಯಾಸಕಾರರು ಉಕ್ಕಿನ ಮೇಲೆ ಎಷ್ಟು ಒತ್ತಡ ಬೀಳಲು ಬಿಟ್ಟಿದ್ದರು ಎಂಬುದೂ ತಿಳಿಯುತ್ತದೆ. ಲಂಡನ್ನಿನ 1909ರ ಕಾಯಿದೆ ಚದರ ಇಂಚಿಗೆ ಏಳೂವರೆ ಟನ್‌ಗೆ, ಅಂದರೆ ಸುಮಾರು 116 ಮೆಗಾಪಾಸ್ಕಲ್‌ಗೆ, ಮಿತಿ ಹಾಕಿತ್ತು. 1932ರ ಬ್ರಿಟಿಷ್ ಮಾನಕ 449 ಅದನ್ನು 8 ಟನ್‌ಗೆ ಏರಿಸಿತು, 1948ರ ಪರಿಷ್ಕರಣೆ 10 ಟನ್‌ಗೆ. ಅಮೆರಿಕದಲ್ಲೂ ಇದೇ ಬಗೆಯ ಏರಿಕೆ: ಅಲ್ಲಿನ ಉಕ್ಕು ನಿರ್ಮಾಣ ಸಂಸ್ಥೆಯ 1923ರ ಮೊದಲ ನಿಯಮದಲ್ಲಿ ಸುಮಾರು 124 ಮೆಗಾಪಾಸ್ಕಲ್, 1936ರಲ್ಲಿ 138. ಭಾರತದ ಐಎಸ್ 800ರ 1984ರ ಆವೃತ್ತಿ, ಪಕ್ಕಕ್ಕೆ ಹೊರಳದಂತೆ ಹಿಡಿದಿಟ್ಟ ತೊಲೆಗೆ ಯೀಲ್ಡ್ ಬಲದ, ಅಂದರೆ ಉಕ್ಕು ಮರಳಿ ಬಾರದಂತೆ ಹಿಗ್ಗತೊಡಗುವ ಒತ್ತಡದ, ಶೇಕಡ 66ರಷ್ಟನ್ನು ಬಿಟ್ಟಿತ್ತು. 250 ಮೆಗಾಪಾಸ್ಕಲ್ ಉಕ್ಕಿಗೆ ಅದು 165. ಹಿಂದಿನವರ ಎಚ್ಚರಿಕೆ ಇಂದಿನವರಿಗೆ ಮೀಸಲು ಬಲವಾಗಿ ಉಳಿದಿದೆ. ಹಳೆಯ ಉಕ್ಕಿನ ಯೀಲ್ಡ್ ಬಲ ಇಂದಿನದಕ್ಕಿಂತ ತುಸು ಕಡಿಮೆಯೇ. ಅಮೆರಿಕದ ಹಳೆಯ ಎ7 ಉಕ್ಕಿಗೆ ಕನಿಷ್ಠ 227 ಮೆಗಾಪಾಸ್ಕಲ್ ಗೊತ್ತುಮಾಡಿದ್ದರು. ಹಾಗಿದ್ದೂ 116ಕ್ಕೆಂದು ಲೆಕ್ಕ ಹಾಕಿದ, ಸವೆಯದ ತೊಲೆಯಲ್ಲಿ ಇನ್ನೂ ಸಾಕಷ್ಟು ಜಾಗವಿದೆ.

ಸ್ಥಳ ಪರೀಕ್ಷೆ

ಮೂಲ ನಕ್ಷೆಗಳು ಸಿಕ್ಕರೆ ಒಳ್ಳೆಯದು. ಸಿಕ್ಕಿದ ನಕ್ಷೆಯನ್ನು ನಂಬಿ ಕೂರುವುದು ಒಳ್ಳೆಯದಲ್ಲ. ಬಯಸಿದ ತೊಲೆ ಮಾರುಕಟ್ಟೆಯಲ್ಲಿ ಸಿಗದೆ ಬೇರೊಂದನ್ನು ಹಾಕಿರಬಹುದು, ಒಂದು ಸಾಲನ್ನು ನಂತರ ಬದಲಾಯಿಸಿರಬಹುದು. ಆದ್ದರಿಂದ ಫಾಲ್ಸ್ ಸೀಲಿಂಗ್ ಬಿಚ್ಚಿ, ಪ್ಲಾಸ್ಟರ್ ಕೆತ್ತಿ, ತೊಲೆಯನ್ನು ಕಣ್ಣಿಂದ ಕಾಣಬೇಕು. ಎತ್ತರ, ಫ್ಲಾಂಜ್ ಅಗಲ, ಫ್ಲಾಂಜ್ ದಪ್ಪ, ವೆಬ್ ದಪ್ಪ, ತೊಲೆಗಳ ನಡುವಿನ ಅಂತರ, ಆಸರೆಯಿಂದ ಆಸರೆಗಿರುವ ದೂರ ಅಂದರೆ ಸ್ಪ್ಯಾನ್, ಇವಿಷ್ಟು ಕಡ್ಡಾಯ. ಒಂದೇ ಕಡೆಯಿಂದ ಮುಟ್ಟಬಹುದಾದ ವೆಬ್‌ನ ದಪ್ಪವನ್ನು ಅಲ್ಟ್ರಾಸಾನಿಕ್ ಗೇಜ್ ಹೇಳುತ್ತದೆ. ಆದರೆ ತುಕ್ಕಿನ ಪದರವನ್ನು ಲೋಹ ಕಾಣುವವರೆಗೆ ತೆಗೆದ ಮೇಲಷ್ಟೇ ಆ ಅಂಕಿಗೆ ಬೆಲೆ. ತುಕ್ಕು ತಾನು ತಿಂದ ಉಕ್ಕಿಗಿಂತ ಹಲವು ಪಟ್ಟು ಜಾಗ ತೆಗೆದುಕೊಳ್ಳುವುದರಿಂದ, ನೋಡಲು ಭಯ ಹುಟ್ಟಿಸುವ ದಪ್ಪ ಹೊಪ್ಪಳೆಯ ಕೆಳಗೆ ನಷ್ಟ ಒಂದೇ ಮಿಲಿಮೀಟರ್ ಇರಬಹುದು. ನೀಟಾಗಿ ಬಣ್ಣ ಬಳಿದ ತೊಲೆ ಒಳಗೆ ಟೊಳ್ಳಾಗಿರಲೂಬಹುದು.

ನಿಜವಾದ ಅಪಾಯ ಗೋಡೆಯೊಳಗೆ ಹೊಕ್ಕ ತುದಿಯಲ್ಲಿದೆ. ಹೊರಗೋಡೆ ಮಳೆನೀರು ಹೀರುತ್ತದೆ, ಆ ತೇವ ತೊಲೆಯ ತುದಿಯನ್ನು ವರ್ಷಗಟ್ಟಲೆ ಒದ್ದೆಯಾಗಿಡುತ್ತದೆ. ಕರಾವಳಿಯಲ್ಲಿ ಉಪ್ಪೂ ಸೇರುತ್ತದೆ. ಮಧ್ಯದಲ್ಲಿ ಹೊಸದರಂತೆ ಹೊಳೆಯುವ ಗರ್ಡರಿನ ತುದಿಯ ಸುತ್ತ ಎರಡು ಇಟ್ಟಿಗೆ ಬಿಚ್ಚಿ, ಸುತ್ತಿಗೆಯ ಚೂಪು ಮೂತಿಯಿಂದ ಕುಟ್ಟಿದಾಗ ಕೆಳ ಫ್ಲಾಂಜ್ ಪದರ ಪದರವಾಗಿ ಕಳಚಿ ಬೀಳುವುದು ಈ ಕೆಲಸದಲ್ಲಿರುವವರಿಗೆಲ್ಲ ಪರಿಚಿತ ದೃಶ್ಯ. ಬಚ್ಚಲು, ಅಡುಗೆಮನೆ, ತಾರಸಿಯ ನೀರು ಹೋಗುವ ಕೊಳವೆಗಳ ಕೆಳಗಿನ ತೊಲೆಗಳನ್ನು ಒಂದನ್ನೂ ಬಿಡದೆ ನೋಡಬೇಕು. ಪೈಪು ಹಾಯಿಸಲು ಯಾರೋ ಗ್ಯಾಸ್ ಕಟರ್‌ನಿಂದ ಕೊರೆದ ಫ್ಲಾಂಜ್, ಮೆಟ್ಟಿಲಿಗೆ ಜಾಗ ಮಾಡಲು ತೆಗೆದ ಕಮಾನು ಇವನ್ನೂ ಗುರುತಿಸಿಕೊಳ್ಳಬೇಕು. ಕಮಾನು ಹೋದರೆ ತೊಲೆಯನ್ನು ಪಕ್ಕದಿಂದ ಹಿಡಿದಿದ್ದ ಆಸರೆಯೂ ಹೋಗುತ್ತದೆ, ಪಕ್ಕದ ಕಮಾನಿನ ತಳ್ಳುವಿಕೆಗೆ ಎದುರು ನಿಲ್ಲುವುದೂ ಇಲ್ಲವಾಗುತ್ತದೆ.

ಉಕ್ಕಿನ ಬಲ ಖಚಿತವಾಗಬೇಕಿದ್ದರೆ ಒಂದು ಚೂರು ಕತ್ತರಿಸಿ ಪ್ರಯೋಗಾಲಯದಲ್ಲಿ ಎಳೆದು ನೋಡಬೇಕು. ಕತ್ತರಿಸುವ ಜಾಗದ ಆಯ್ಕೆಯೂ ಲೆಕ್ಕದ ವಿಷಯ: ಸರಳವಾಗಿ ಕೂತ ತೊಲೆಯಲ್ಲಿ ತುದಿಯ ಬಳಿಯ ಫ್ಲಾಂಜ್ ಅಥವಾ ನಡುಮಧ್ಯದ ವೆಬ್, ಏಕೆಂದರೆ ಅಲ್ಲಿ ಒತ್ತಡ ಕಡಿಮೆ. ಚೂರು ತೆಗೆಯಲಾಗದ ಕಡೆ ಗಡಸುತನ ಪರೀಕ್ಷೆಯಿಂದ ಬಲವನ್ನು ಅಂದಾಜಿಸುತ್ತಾರೆ. ಅದು ತೊಲೆ ತೊಲೆಗಳ ನಡುವಿನ ವ್ಯತ್ಯಾಸ ಹಿಡಿಯಲು ಉಪಯುಕ್ತ, ಒಂಟಿಯಾಗಿ ನಂಬಲು ಸಾಲದು. ಬೆಸುಗೆ ಹಾಕುವ ಯೋಚನೆಯಿದ್ದರೆ ರಾಸಾಯನಿಕ ವಿಶ್ಲೇಷಣೆ ಬೇಕೇ ಬೇಕು. ರೈಲು ಕಂಬಿಯಲ್ಲಿ ಇಂಗಾಲ ಹೆಚ್ಚು, ಬೆಸುಗೆಯ ಬಿಸಿಗೆ ಅದು ಬಿರುಕು ಬಿಡುತ್ತದೆ.

ಲೆಕ್ಕ

ಒಂದು ಮಾದರಿ ತೆಗೆದುಕೊಳ್ಳೋಣ. ಐಎಸ್‌ಎಂಬಿ 300 ತೊಲೆಗಳು 2 ಮೀಟರ್ ಅಂತರದಲ್ಲಿವೆ, ಸ್ಪ್ಯಾನ್ 6 ಮೀಟರ್, ನಡುವೆ ಜಾಕ್ ಆರ್ಚ್. ಈ ತೊಲೆಯ ಸೆಕ್ಷನ್ ಮಾಡ್ಯುಲಸ್, ಅಂದರೆ ಬಾಗುವಿಕೆಯನ್ನು ಎದುರಿಸುವ ಅದರ ಆಕಾರದ ಅಳತೆ, 573.6 ಘನ ಸೆಂಟಿಮೀಟರ್. 165 ಮೆಗಾಪಾಸ್ಕಲ್‌ನಲ್ಲಿ ಅದು ಸುಮಾರು 94.6 ಕಿಲೋನ್ಯೂಟನ್-ಮೀಟರ್ ಬಾಗಿಸುವ ಬಲವನ್ನು ತಾಳುತ್ತದೆ. ಅಂದರೆ ಉದ್ದದ ಪ್ರತಿ ಮೀಟರಿಗೆ 21, ಮಹಡಿಯ ಪ್ರತಿ ಚದರ ಮೀಟರಿಗೆ 10.5 ಕಿಲೋನ್ಯೂಟನ್. ಇಟ್ಟಿಗೆ ಕಮಾನು, ಸುಣ್ಣದ ಕಾಂಕ್ರೀಟ್, ನೆಲಹಾಸು, ತೊಲೆಯ ಸ್ವಂತ ತೂಕ ಸೇರಿ ಸ್ಥಿರ ಭಾರ 5.5 ಎಂದಿರಲಿ. ಬಳಕೆಗೆ ಉಳಿದದ್ದು 5. ಇಷ್ಟಿದ್ದರೆ ಸಭಾಂಗಣಕ್ಕೂ ಬಾಗುವ ಬಲದ ಮಟ್ಟಿಗೆ ಸಾಕು.

ಈಗ ಅದೇ ತೊಲೆಯ ಎರಡೂ ಫ್ಲಾಂಜ್‌ಗಳಿಂದ ತಲಾ 2 ಮಿಲಿಮೀಟರ್ ತುಕ್ಕು ತಿಂದಿದೆ ಎನ್ನಿ. ಸೆಕ್ಷನ್ ಮಾಡ್ಯುಲಸ್ ಸುಮಾರು 497ಕ್ಕೆ ಇಳಿಯುತ್ತದೆ. ತೊಲೆಯ ಬಲ ಶೇಕಡ 13ರಷ್ಟು ಕಡಿಮೆ. ಒಟ್ಟು ಸಾಮರ್ಥ್ಯ 9.1. ಸ್ಥಿರ ಭಾರವಂತೂ ತುಕ್ಕಿನಿಂದ ಕರಗುವುದಿಲ್ಲ, 5.5 ಹಾಗೆಯೇ ನಿಂತಿದೆ. ಬಳಕೆಗೆ ಉಳಿದದ್ದು 3.6. ಹದಿಮೂರು ಶೇಕಡ ಉಕ್ಕಿನ ಬಲ ಹೋದದ್ದಕ್ಕೆ ಬಳಕೆಯ ಭಾರದಲ್ಲಿ ಶೇಕಡ 28 ಹೋಯಿತು. ಇದರ ಮೇಲೆ ಮಾಲೀಕರು ಹಳೆಯ ನೆಲವನ್ನು ಕೀಳದೆ 50 ಮಿಲಿಮೀಟರ್ ಗಾರೆ ಸುರಿದು 20 ಮಿಲಿಮೀಟರ್ ಗ್ರಾನೈಟ್ ಹಾಸಿದರೆ ಇನ್ನೊಂದು 1.6 ಕಿಲೋನ್ಯೂಟನ್ ಏರಿತು. ಉಳಿದದ್ದು 2. ಸಭೆ ಸೇರಬಹುದಾಗಿದ್ದ ಮಹಡಿ ಈಗ ವಾಸಕ್ಕೆ ಮಾತ್ರ ಯೋಗ್ಯ, ಅದೂ ತುದಿಯಂಚಿನಲ್ಲಿ. ಉಕ್ಕಿನ ಮಹಡಿಯ ಸಾಮರ್ಥ್ಯವನ್ನು ಅರಿಯಲು ಈ ಕಳೆಯುವ ಲೆಕ್ಕಕ್ಕಿಂತ ಮುಖ್ಯವಾದದ್ದು ಬೇರೊಂದಿಲ್ಲ. ತೊಲೆಯ ಬಲವನ್ನು ಎಷ್ಟು ಸೂಕ್ಷ್ಮವಾಗಿ ಅಳೆದರೂ, ಮೇಲಿನ ನೆಲದಲ್ಲಿ ಒಂದು ರಂಧ್ರ ಕೊರೆದು ಪದರಗಳ ದಪ್ಪ ನೋಡದಿದ್ದರೆ ಉತ್ತರ ತಪ್ಪುತ್ತದೆ. ಹಳೆಯ ಕಟ್ಟಡಗಳಲ್ಲಿ ಒಂದರ ಮೇಲೊಂದು ಮೂರು ನೆಲಹಾಸು ಸಿಗುವುದು ಅಪರೂಪವಲ್ಲ.

ಬಾಗುವ ಬಲ ಸರಿಹೋದ ಮೇಲೆ ಉಳಿದವನ್ನು ನೋಡಬೇಕು. ಐಎಸ್ 800ರ 2007ರ ಆವೃತ್ತಿ ಬಿರುಕು ಬಿಡಬಲ್ಲ ನೆಲಹಾಸಿರುವ ಮಹಡಿ ಬಳಕೆಯ ಭಾರದಲ್ಲಿ ಸ್ಪ್ಯಾನಿನ 360ರಲ್ಲಿ ಒಂದು ಪಾಲಿಗಿಂತ ಹೆಚ್ಚು ಜಗ್ಗಬಾರದೆನ್ನುತ್ತದೆ. ನಮ್ಮ ಮಾದರಿಯಲ್ಲಿ ಮಿತಿ 16.7 ಮಿಲಿಮೀಟರ್, ತುಕ್ಕು ಹಿಡಿಯದ ತೊಲೆ 5 ಕಿಲೋನ್ಯೂಟನ್ ಬಳಕೆಯ ಭಾರಕ್ಕೆ ಜಗ್ಗುವುದು ಸುಮಾರು 10. ವೆಬ್‌ನ ಶಿಯರ್, ಅಂದರೆ ಕತ್ತರಿಸುವ ಬಲ, ಇಂಥ ಉರುಳೆ ತೊಲೆಗಳಲ್ಲಿ ಅಪರೂಪಕ್ಕೆ ಸಮಸ್ಯೆಯಾಗುತ್ತದೆ. ಗೋಡೆಯ ಮೇಲಿನ ಆಸರೆ ಬೇರೆ ಮಾತು. ಪೂರ್ಣ ಭಾರದಲ್ಲಿ ತೊಲೆಯ ತುದಿ 63 ಕಿಲೋನ್ಯೂಟನ್ ಒತ್ತುತ್ತದೆ. ತೊಲೆ ಗೋಡೆಯ ಮೇಲೆ 200 ಮಿಲಿಮೀಟರ್ ಮಾತ್ರ ಕೂತಿದ್ದರೆ ಆ ಒತ್ತಡ 2.25 ಮೆಗಾಪಾಸ್ಕಲ್ ಆಗುತ್ತದೆ. ಸುಣ್ಣದ ಗಾರೆಯ ಇಟ್ಟಿಗೆ ಗೋಡೆ ಸುರಕ್ಷಿತವಾಗಿ ಹೊರುವುದು ಇದಕ್ಕಿಂತ ಬಹಳ ಕಡಿಮೆ. ಹಿಂದಿನ ಮೇಸ್ತ್ರಿಗಳು ತುದಿಯ ಕೆಳಗೆ ದಪ್ಪ ಹಾಸುಗಲ್ಲು ಇಡುತ್ತಿದ್ದದ್ದು ಇದೇ ಕಾರಣಕ್ಕೆ. ಕಲ್ಲು ಇದೆಯೇ, ಸೀಳಿದೆಯೇ ಎಂಬುದು ತೊಲೆಯಷ್ಟೇ ಮುಖ್ಯ.

ಅಳೆದು ಖಚಿತಪಡಿಸಿಕೊಂಡ ಕಟ್ಟಡದಲ್ಲಿ ಅನಿಶ್ಚಿತತೆ ಕಡಿಮೆಯಾದ್ದರಿಂದ ಹೊಸ ವಿನ್ಯಾಸದ ಎಲ್ಲ ಸುರಕ್ಷಾ ಗುಣಕಗಳನ್ನೂ ಯಾಂತ್ರಿಕವಾಗಿ ಹೇರಬೇಕಿಲ್ಲ ಎಂಬುದು ಐಎಸ್‌ಒ 13822 ಮಾನಕದ ನಿಲುವು. ನಿಲುವು ಸರಿಯೇ. ಆದರೆ ರಿಯಾಯಿತಿ ಅಳತೆಗೆ ಸಲ್ಲುವಂಥದು, ಊಹೆಗೆ ಸಲ್ಲದು.

ಜೋಡಣೆಗಳು

ತೊಲೆಗಳಿಗೆ ಗಮನವೆಲ್ಲ ಹೋಗಿ ಜೋಡಣೆಗಳು ಮರೆತುಹೋಗುವುದು ಈ ಕ್ಷೇತ್ರದ ಹಳೆಯ ದೋಷ. ಅಮೆರಿಕದ ಕಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ 1981ರ ಜುಲೈ 17ರಂದು ಎರಡು ತೂಗು ನಡೆದಾರಿಗಳು ಕುಸಿದು 114 ಮಂದಿ ಸತ್ತರು. ಮೂಲ ನಕ್ಷೆಯಲ್ಲಿ ಮೇಲಿನ, ಕೆಳಗಿನ ಎರಡೂ ನಡೆದಾರಿಗಳು ಚಾವಣಿಯಿಂದ ಇಳಿಬಿಟ್ಟ ಒಂದೇ ಸರಳಿನಿಂದ ತೂಗಬೇಕಿತ್ತು. ಕಟ್ಟುವಾಗ ಸರಳನ್ನು ಎರಡು ತುಂಡು ಮಾಡಿ, ಕೆಳಗಿನ ನಡೆದಾರಿಯನ್ನು ಮೇಲಿನದರ ತೊಲೆಗೇ ನೇತುಹಾಕಿದರು. ಮೇಲಿನ ತೊಲೆಯ ಕೆಳಗಿನ ನಟ್ ಮೇಲೆ ಭಾರ ಇಮ್ಮಡಿಯಾಯಿತು. ತನಿಖೆಯಲ್ಲಿ ಮೂಲ ಜೋಡಣೆಯೇ ನಿಯಮಕ್ಕೆ ಸಾಲದಾಗಿತ್ತೆಂದು ತಿಳಿಯಿತು. ಯಾರೂ ಆ ಜೋಡಣೆಯ ಲೆಕ್ಕ ಹಾಕಿರಲಿಲ್ಲ.

ಹಳೆಯ ಚೌಕಟ್ಟುಗಳಲ್ಲಿ ಅಡ್ಡತೊಲೆ ದೊಡ್ಡ ತೊಲೆಗೆ ಸೇರುವುದು ಎರಡು ಆಂಗಲ್ ತುಂಡುಗಳ ಮೂಲಕ, ರಿವೆಟ್ ಬಡಿದು. ರಿವೆಟ್ ಗಟ್ಟಿಯಿದೆಯೇ ಎಂದು ತಿಳಿಯುವ ಹಳೆಯ ಉಪಾಯ ಇಂದಿಗೂ ನಡೆಯುತ್ತದೆ: ಒಂದು ತಲೆಯ ಮೇಲೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಇನ್ನೊಂದು ತಲೆಗೆ ಬೆರಳು ಇಟ್ಟುಕೊಂಡರೆ ಸಡಿಲ ರಿವೆಟ್ ಅದುರುವುದು ಕೈಗೆ ತಿಳಿಯುತ್ತದೆ. ತಲೆಯ ಕೆಳಗಿನಿಂದ ಇಳಿದ ಕೆಂಪು ತುಕ್ಕಿನ ಗೆರೆಯೂ ಸಡಿಲವನ್ನೇ ಸೂಚಿಸುತ್ತದೆ.

ಕಂಪನ

ಬಲ ಸಾಕಾದರೂ ಮಹಡಿ ನಡುಗಬಹುದು. ಸ್ಥಿರ ಭಾರಕ್ಕೆ ತೊಲೆ ಎಷ್ಟು ಮಿಲಿಮೀಟರ್ ಜಗ್ಗುತ್ತದೆಯೋ ಅದರ ವರ್ಗಮೂಲದಿಂದ 18ನ್ನು ಭಾಗಿಸಿದರೆ ಮಹಡಿಯ ಸಹಜ ಕಂಪನಾಂಕ ಸರಿಸುಮಾರಾಗಿ ಸಿಗುತ್ತದೆ. ನಮ್ಮ ಮಾದರಿ ಮಹಡಿಗೆ ಅದು ಸೆಕೆಂಡಿಗೆ ಐದೂವರೆ. ನಡೆದಾಡುವವರ ಹೆಜ್ಜೆ ಸೆಕೆಂಡಿಗೆ ಸುಮಾರು ಎರಡು. ತಾಳಕ್ಕೆ ಸರಿಯಾಗಿ ಒಟ್ಟಿಗೆ ಜಿಗಿಯುವವರ ಲಯ ಅದಕ್ಕೂ ಚುರುಕು, ಅದರ ಇಮ್ಮಡಿ ಮಹಡಿಯ ಕಂಪನಾಂಕಕ್ಕೆ ಕೂಡಿಬಂದರೆ ಅನುರಣನೆ ಶುರು. ಸೋಲ್ ನಗರದ 39 ಅಂತಸ್ತಿನ ಟೆಕ್ನೋಮಾರ್ಟ್ ಕಟ್ಟಡ 2011ರ ಜುಲೈನಲ್ಲಿ ಅಲುಗಾಡಿ ಜನ ಹೊರಗೋಡಿದಾಗ, 12ನೇ ಮಹಡಿಯ ವ್ಯಾಯಾಮಶಾಲೆಯಲ್ಲಿ ಸುಮಾರು ಇಪ್ಪತ್ತು ಮಂದಿ ತಾಳಕ್ಕೆ ಹೆಜ್ಜೆ ಹಾಕಿದ್ದೇ ಕಾರಣವೆಂದು ತಜ್ಞರು ತೀರ್ಮಾನಿಸಿದರು. ಹಳೆಯ ಕಚೇರಿ ಮಹಡಿಯಲ್ಲಿ ಜಿಮ್ ತೆರೆಯುವವರು ಕಂಪನದ ಈ ಲೆಕ್ಕವನ್ನೂ ಮಾಡಿಸಿಕೊಳ್ಳಬೇಕು.

ಭಾರ ಹೇರಿ ನೋಡುವುದು

ಲೆಕ್ಕದಿಂದ ತೀರ್ಮಾನ ಸಿಗದಾಗ ಮಹಡಿಯ ಮೇಲೆಯೇ ಭಾರ ಹೇರುತ್ತಾರೆ. ಕೆಳಗೆ ತುಸು ಅಂತರ ಬಿಟ್ಟು ಆಸರೆಗಂಬಗಳನ್ನು ನಿಲ್ಲಿಸಿ, ಜನರನ್ನು ದೂರ ಕಳಿಸಿ, ಹಂತ ಹಂತವಾಗಿ ತೂಕ ಏರಿಸುವುದು ಕ್ರಮ. ಬೇಕೆಂದಾಗ ಬೇಗ ಹರಿಯಬಿಡಬಹುದಾದ್ದರಿಂದ ನೀರು ಉತ್ತಮ. ಸಿಮೆಂಟ್ ಮೂಟೆಗಳಾದರೆ ರಾಶಿಗಳ ನಡುವೆ ಜಾಗ ಬಿಡಬೇಕು. ಒತ್ತಾಗಿ ಪೇರಿಸಿದ ಮೂಟೆಗಳು ತಾವೇ ಕಮಾನಾಗಿ ಭಾರವನ್ನು ಅಂಚಿಗೆ ಸಾಗಿಸಿ ತೊಲೆಗೆ ಪೂರ್ಣ ಪರೀಕ್ಷೆಯಾಗದಂತೆ ಮಾಡುತ್ತವೆ. ಅಮೆರಿಕದ ಉಕ್ಕು ನಿರ್ಮಾಣ ಸಂಸ್ಥೆಯ ನಿಯಮದ ಪ್ರಕಾರ ಗರಿಷ್ಠ ಭಾರವನ್ನು ಒಂದು ಗಂಟೆ ನಿಲ್ಲಿಸಿದಾಗ ಜಗ್ಗು ಆರಂಭದ ಅಳತೆಗಿಂತ ಶೇಕಡ 10ಕ್ಕಿಂತ ಹೆಚ್ಚಾಗಬಾರದು, ಭಾರ ಇಳಿಸಿದ 24 ಗಂಟೆಗಳ ನಂತರ ಮತ್ತೆ ಅಳೆದು ದಾಖಲಿಸಬೇಕು. ಎರಕದ ಕಬ್ಬಿಣದ ತೊಲೆಗಳಿಗೆ ಈ ಪರೀಕ್ಷೆ ಮಾಡದಿರುವುದೇ ಲೇಸು. ಅವು ಒಡೆಯುವ ಮುನ್ನ ಗೇಜಿನಲ್ಲಿ ಏನನ್ನೂ ತೋರಿಸದಿರಬಹುದು.

ಸಾಮರ್ಥ್ಯ ಸಾಲದಿದ್ದಾಗ

ಮೊದಲು ಯೋಚಿಸಬೇಕಾದದ್ದು ಭಾರ ಇಳಿಸುವುದನ್ನು. ಹಿಂದಿನ ಲೆಕ್ಕದ ಮಹಡಿಯಲ್ಲಿ ಮೇಲಿನ ಗ್ರಾನೈಟ್ ಮತ್ತು ಗಾರೆ ಕಿತ್ತರೆ ಒಂದು ತುಂಡು ಉಕ್ಕು ಸೇರಿಸದೆಯೇ 1.6 ಕಿಲೋನ್ಯೂಟನ್ ಮರಳಿ ಸಿಗುತ್ತದೆ. ಸುಣ್ಣದ ತುಂಬುವಿಕೆಯ ಬದಲು ಹಗುರ ಕಾಂಕ್ರೀಟ್ ಹಾಕಿದರೆ ಇನ್ನಷ್ಟು, ಆದರೆ ಕೆಲಸ ಮುಗಿಯುವವರೆಗೆ ಕಮಾನುಗಳಿಗೆ ಕೆಳಗಿನಿಂದ ಆಸರೆ ಬೇಕು. ಎರಡು ತೊಲೆಗಳ ನಡುವೆ ಇನ್ನೊಂದನ್ನು ತೂರಿಸುವುದು, ಮಧ್ಯದಲ್ಲಿ ಕಂಬ ಕೊಟ್ಟು ಸ್ಪ್ಯಾನನ್ನು ಅರ್ಧ ಮಾಡುವುದು, ಕೆಳ ಫ್ಲಾಂಜ್‌ಗೆ ಪಟ್ಟಿ ಸೇರಿಸುವುದು ಉಳಿದ ದಾರಿಗಳು. ಕಂಬ ಕೊಟ್ಟರೆ ಅದರ ಮೇಲ್ಗಡೆ ತೊಲೆ ಉಲ್ಟಾ ಬಾಗುತ್ತದೆ. ಒತ್ತಡ ಆಗ ಕೆಳ ಫ್ಲಾಂಜ್‌ಗೆ ಬರುವುದರಿಂದ ಅದು ಪಕ್ಕಕ್ಕೆ ಹೊರಳದಂತೆ ನೋಡಿಕೊಳ್ಳಬೇಕು. ಪಟ್ಟಿ ಬೆಸೆಯುವ ಮುನ್ನ ತೊಲೆಯನ್ನು ಜಾಕಿನಿಂದ ಎತ್ತಿ ಅದರ ಹೊರೆ ಇಳಿಸುವುದು ಅಗತ್ಯ. ಹಾಗೆ ಮಾಡದಿದ್ದರೆ ಹೊಸ ಪಟ್ಟಿ ಬೆಸುಗೆಯ ನಂತರ ಬರುವ ಭಾರದಲ್ಲಿ ಮಾತ್ರ ಪಾಲು ಪಡೆಯುತ್ತದೆ, ಹಳೆಯ ಸ್ಥಿರ ಭಾರವೆಲ್ಲ ಹಳೆಯ ಉಕ್ಕಿನ ಮೇಲೆಯೇ ಉಳಿಯುತ್ತದೆ. ಭಾರ ಹೊತ್ತ ಫ್ಲಾಂಜ್‌ಗೆ ಅಡ್ಡವಾಗಿ ಬೆಸುಗೆ ಎಳೆಯಲೇಬಾರದು, ಕಾದ ಆ ಗೆರೆಯಲ್ಲಿ ಉಕ್ಕು ಆ ಹೊತ್ತಿಗೆ ತನ್ನ ಬಲವನ್ನು ಕಳೆದುಕೊಂಡಿರುತ್ತದೆ. ಮೆದು ಕಬ್ಬಿಣಕ್ಕೂ ರೈಲು ಕಂಬಿಗೂ ಬೆಸುಗೆಯ ಬದಲು ರಂಧ್ರ ಕೊರೆದು ಬೋಲ್ಟ್ ಹಾಕುವುದು ವಾಡಿಕೆ. ಕೊರೆದ ರಂಧ್ರಗಳಿಂದ ಕಡಿಮೆಯಾದ ಬಲವನ್ನೂ ಲೆಕ್ಕದಿಂದ ಕಳೆಯುತ್ತಾರೆ.